ಇಸ್ಸುಪ್ಪು ಇರಪ್ಪಾನನ ತಾಮ್ರಪಟದಲ್ಲಿ ಇಲ್ಲದ ಮಾತುಗಳು

2017ರ ಜುಲೈ ತಿಂಗಳಲ್ಲಿ ನಮ್ಮ ಪ್ರಧಾನಿ ಇಸ್ರೇಲಿಗೆ ಹೋದಾಗ ಅಲ್ಲಿನ ಪ್ರಧಾನಿಗೆ ಕೊಟ್ಟ ಉಡುಗೊರೆ ಶಾಸನಾಸಕ್ತರ ಗಮನ ಸೆಳೆದಿತ್ತು. ಅದು ಕೇರಳದ ಎರಡು ತಾಮ್ರಶಾಸನಗಳ ಪ್ರತಿಕೃತಿ. ಒಂದು ಕೊಚ್ಚಿಯ ಯಹೂದಿಗಳ ಬಳಿ ಇರುವ ಚೇರ ದೊರೆ ಭಾಸ್ಕರ ರವಿಯ ಶಾಸನ. ಇನ್ನೊಂದು ಕೊಲ್ಲಂನ ತರಿಸಾಪಳ್ಳಿ ಶಾಸನ. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಹಳೆಯ ಕಥೆಯೂ ಮೇಲೆದ್ದು ಬರುತ್ತೆ: ಚೇರಮಾನ್ ಪೆರುಮಾಳ್ ಎಂಬ ರಾಜ ಜೋಸೆಫ್ ರಬ್ಬಾನ್ ಎಂಬ ಯಹೂದಿಗೆ ಕೊಡುಂಗಲ್ಲೂರಿನಲ್ಲಿ ಒಂದು ಪುಟ್ಟ ರಾಜ್ಯವನ್ನೇ ಬಿಟ್ಟುಕೊಟ್ಟ, ಅಲ್ಲಿ ಯಹೂದಿ ಅರಸರು ಆಳಿದರು ಅಂತ.

ಆ ತಾಮ್ರಪಟವನ್ನು ಸಾಲುಸಾಲಾಗಿ ಓದಿದರೆ ಅದರಲ್ಲಿ 'ರಾಜ್ಯ' ಎಂಬ ಮಾತಿಲ್ಲ. ಅಷ್ಟೇ ಅಲ್ಲ, 'ಯಹೂದಿ' ಎಂಬ ಮಾತೂ ಇಲ್ಲ. ಬಿಳಿಯರು, ಕರಿಯರು ಎಂಬ ಮಾತಂತೂ ಇಲ್ಲವೇ ಇಲ್ಲ. ಹಾಗಿದ್ದೂ ಈ ಮೂರನ್ನೂ ಅದರೊಳಗೆ ಓದಿಕೊಂಡು ಒಂದು ಸಣ್ಣ ಸಮುದಾಯ ಶತಮಾನಗಟ್ಟಲೆ ತನ್ನತನ್ನಲ್ಲೇ ಕಾದಾಡಿತು. ಈ ಬರಹ ಅದರ ಕುರಿತು.

ಮೊದಲು ಪಠ್ಯ ನೋಡೋಣ. ಲಿಪಿ ವಟ್ಟೆೞುತ್ತು, ಸಂಸ್ಕೃತ ಪದಗಳಿಗೆ ಅಲ್ಲಲ್ಲಿ ಗ್ರಂಥಾಕ್ಷರ. ಭಾಷೆ ತಮಿಳಿನಿಂದ ಮಲಯಾಳಂ ಬೇರೆಯಾಗುತ್ತಿದ್ದ ಕಾಲದ್ದು. 'ಸ್ವಸ್ತಿ ಶ್ರೀ' ಎಂದು ಶುರುವಾಗಿ, ಭಾಸ್ಕರ ರವಿವರ್ಮ ಹಲವು ನೂರು ಸಾವಿರ ವರ್ಷ ರಾಜದಂಡ ಹಿಡಿದು ಆಳುತ್ತಿರಲು, ಎಂಬ ಒಕ್ಕಣೆ ಬರುತ್ತೆ. (ನಮ್ಮ ಶಾಸನಗಳ 'ಉತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂಬರಂ ಸಲುತ್ತಮಿರೆ' ಇದ್ದ ಹಾಗೆ. ಯಾರೂ ಗಾಬರಿಯಾಗಬೇಕಿಲ್ಲ.) ಆಮೇಲೆ ಆಳ್ವಿಕೆಯ ವರ್ಷ: 'ಎರಡನೆಯ ವರ್ಷಕ್ಕೆ ಎದುರು ಮೂವತ್ತಾರನೆಯ ವರ್ಷ'. ಇದು ಚೇರ ಶಾಸನಗಳಲ್ಲಿ ಕಾಣುವ ವಿಚಿತ್ರ ಎಣಿಕೆ. ಎರಡನ್ನೂ ಕೂಡಿಸಿದರೆ 38. ದೊರೆ ಮುಯಿರಿಕ್ಕೋಡಿನಲ್ಲಿ, ಅಂದರೆ ಇಂದಿನ ಕೊಡುಂಗಲ್ಲೂರಿನ ಕಡೆ, ಬೀಡುಬಿಟ್ಟಿದ್ದ ದಿನ ಇಸ್ಸುಪ್ಪು ಇರಪ್ಪಾನ್ ಎಂಬವನಿಗೆ ಈ ದತ್ತಿ ಕೊಟ್ಟ. ಇಸ್ಸುಪ್ಪು ಅಂದರೆ ಜೋಸೆಫ್, ಇರಪ್ಪಾನ್ ಅಂದರೆ ರಬ್ಬಾನ್. ಅವನ ಧರ್ಮ ನಮಗೆ ಗೊತ್ತಾಗೋದು ಈ ಹೆಸರಿನಿಂದ ಮತ್ತು ತಾಮ್ರಪಟವನ್ನು ಜೋಪಾನ ಮಾಡಿಕೊಂಡು ಬಂದವರಿಂದ. ಶಾಸನ ಅದರ ಬಗ್ಗೆ ತಲೆಕೆಡಿಸಿಕೊಂಡಿಲ್ಲ.

ಅವನಿಗೆ ಕೊಟ್ಟಿದ್ದು 'ಅಂಜುವಣ್ಣಂ' ಮತ್ತು 72 'ವಿಡುಪೇಱು'. ಈ ಪದವನ್ನು ಒಡೆದು ನೋಡಿ. 'ವಿಡು' ಅಂದರೆ ನಮ್ಮ 'ಬಿಡು'. 'ಪೆಱು' ಅಂದರೆ ಪಡೆ. ಹಳಗನ್ನಡದ ಪೆಱು, ಇವತ್ತಿನ ಹೆರು ಅದರ ನೆಂಟರೇ. ಬಿಟ್ಟುಕೊಟ್ಟಿದ್ದರಿಂದ ಪಡೆದದ್ದು. ನಮ್ಮಲ್ಲಿ 'ಬಿಟ್ಟ ದತ್ತಿ' ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಮುಂದಿನ ಪಟ್ಟಿಯನ್ನು ಕನ್ನಡ ಬಲ್ಲವರು ಅರ್ಧಕ್ಕರ್ಧ ತಾವಾಗಿಯೇ ಓದಬಹುದು. 'ಉಲ್ಕು' ಎಂಬುದು ಶುಲ್ಕದಿಂದ ಬಂದದ್ದು, ನಮ್ಮ ಸುಂಕದ ಸೋದರ. 'ತುಲಾಕ್ಕೂಲಿ' ಅಂದರೆ ತಕ್ಕಡಿಯ ಕೂಲಿ, ತೂಕದ ಶುಲ್ಕ. ಇವೆರಡೂ ಅವನಿಗೆ ಮಾಫಿ. 'ಪಗಲ್‌ವಿಳಕ್ಕು' ಹಗಲು ಬೆಳಕು, ಅಂದರೆ ಹಗಲು ದೀವಟಿಗೆಯ ಮರ್ಯಾದೆ. 'ಪಾವಾಡ' ನಮ್ಮ ಪಾವಡವೇ. ನಡೆಯುವಾಗ ಮುಂದೆ ಹಾಸುವ ಬಟ್ಟೆ, ನಮ್ಮ ಕಡೆಯ ನಡೆಮಡಿ. 'ಆಂದೋಳಕಂ' ಪಲ್ಲಕ್ಕಿ, 'ಕುಡೈ' ಕೊಡೆ, 'ಕಾಹಳಂ' ಕಹಳೆ. 'ವಡುಗ ಪಱೈ' ಎಂಬ ವಾದ್ಯವೂ ಇದೆ. ವಡುಗ ಅಂದರೆ ಬಡಗಿನವರು, ಉತ್ತರದವರು. ತಮಿಳರು ತೆಲುಗರನ್ನೂ ಒಮ್ಮೊಮ್ಮೆ ಕನ್ನಡಿಗರನ್ನೂ ಕರೆದ ಹೆಸರು. ಪಱೈ ನಮ್ಮ ಹಳೆಯ ಪಱೆ. ಹೀಗೆ ಒಬ್ಬ ಯಹೂದಿ ವರ್ತಕನ ಮೆರವಣಿಗೆಯಲ್ಲಿ ಬಡಗಿನ ಪಱೆಯೂ ಬಾರಿಸುತ್ತಿತ್ತು. ಆಮೇಲೆ ಹೆಬ್ಬಾಗಿಲು, ತೋರಣ ಇತ್ಯಾದಿ.

ಕೊನೆಯಲ್ಲಿ ಇನ್ನೊಂದು ಸ್ವಾರಸ್ಯ. ಈ ಹಕ್ಕು ಅವನಿಗೆ, ಅವನ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, 'ಮರುಮಕ್ಕಳಿಗೆ', ಮತ್ತೆ 'ಹೆಣ್ಣುಮಕ್ಕಳನ್ನು ತಂದ ಮರುಮಕ್ಕಳಿಗೆ', ಲೋಕ ಮತ್ತು ಚಂದ್ರ ಇರುವವರೆಗೆ. ಮರುಮಕ್ಕಳು ಎರಡು ಸಲ ಬರೋದು ಏಕೆ? ನಮ್ಮ 'ಅಳಿಯ' ಎಂಬ ಪದಕ್ಕೂ ಸೋದರಿಯ ಮಗ, ಮಗಳ ಗಂಡ ಎಂಬ ಎರಡು ಅರ್ಥ ಇದೆಯಲ್ಲ, ಅಲ್ಲಿಯೂ ಹಾಗೆಯೇ. ಗೊಂದಲ ಬೇಡ ಅಂತ ಬಿಡಿಸಿ ಬರೆದಿದ್ದಾರೆ. ಅಳಿಯಸಂತಾನದ ಪದ್ಧತಿ ಗೊತ್ತಿದ್ದ ನಾಡಿನ ಲೇಖಕ ಯಾವ ವಾರಸುದಾರನೂ ತಪ್ಪಿಹೋಗದ ಹಾಗೆ ಯಹೂದಿ ಮನೆತನವನ್ನು ತನ್ನ ನೆಲದ ನೆಂಟಸ್ತಿಕೆಯ ಚೌಕಟ್ಟಿಗೇ ಕೂರಿಸಿದ್ದಾನೆ. ಸಾಕ್ಷಿಗಳಾಗಿ ವೇಣಾಡು, ಏರಾಳನಾಡು, ವಳ್ಳುವನಾಡು ಮುಂತಾದ ನಾಡುಗಳ ಒಡೆಯರು, ಜೊತೆಗೆ ಪೂರ್ವದ ಪಡೆಯ ಅಧಿಕಾರಿಯೊಬ್ಬ ಇದ್ದಾರೆ.

ಕಾಲ ಯಾವುದು? ಸಮುದಾಯದ ನಂಬಿಕೆ ಕ್ರಿ.ಶ. 379. ಲಿಪಿ ಇದನ್ನು ಒಪ್ಪೋದಿಲ್ಲ. ಭಾಸ್ಕರ ರವಿಯ ಬೇರೆ ಶಾಸನಗಳು ಕೇರಳದ ದೇವಾಲಯಗಳಲ್ಲಿ ಸಾಕಷ್ಟಿವೆ. ನಮ್ಮ ಕೊಡಗಿನ ಗಡಿಗೆ ಅಂಟಿಕೊಂಡ ತಿರುನೆಲ್ಲಿಯ ತಾಮ್ರಶಾಸನವೂ ಅವನದೇ. ಅವುಗಳಲ್ಲಿ ಕೆಲವು ಗುರುಗ್ರಹ ಯಾವ ರಾಶಿಯಲ್ಲಿದ್ದ ಎಂದು ಹೇಳುತ್ತವೆ. ಅದರ ಲೆಕ್ಕ ಹಿಡಿದು ಎಂ.ಜಿ.ಎಸ್. ನಾರಾಯಣನ್ ಅವನ ಪಟ್ಟವನ್ನು 962ಕ್ಕೂ ಈ ತಾಮ್ರಪಟವನ್ನು ಕ್ರಿ.ಶ. 1000ಕ್ಕೂ ಇಟ್ಟರು. ಇಂದು ಹೆಚ್ಚಿನ ವಿದ್ವಾಂಸರು ಅದನ್ನೇ ಹಿಡಿಯುತ್ತಾರೆ. ಅದು ರಾಜರಾಜ ಚೋಳ ಚೇರರ ಮೇಲೆ ಬಿದ್ದ ಹೊತ್ತು. ಹಡಗು, ಹಣ ಇದ್ದ ವರ್ತಕರ ಬೆಂಬಲ ದೊರೆಗೆ ಬೇಕಾಗಿತ್ತು ಎಂಬುದು ನಾರಾಯಣನ್ ಅವರ ಅಭಿಪ್ರಾಯ. ಪಡೆಯ ಅಧಿಕಾರಿ ಸಾಕ್ಷಿ ಹಾಕಿದ್ದನ್ನು ನೋಡಿದರೆ ನನಗೂ ಅದು ಸರಿಯೆನಿಸುತ್ತದೆ.

ಇನ್ನು 'ಅಂಜುವಣ್ಣಂ'. ಅಂಜು ಅಂದರೆ ಐದು, ವಣ್ಣಂ ಅಂದರೆ ಬಣ್ಣ ಅಥವಾ ವರ್ಣ ಅಂತ ಬಿಡಿಸಿ, ಐದು ಜಾತಿ, ಐದು ಕಸುಬು ಎಂದೆಲ್ಲ ಅರ್ಥ ಹೇಳಿದವರಿದ್ದಾರೆ. ಅದೊಂದು ಊರಿನ ಹೆಸರು ಎಂದು ತಿಳಿದಾಗ 'ಯಹೂದಿ ರಾಜ್ಯ' ಹುಟ್ಟಿಕೊಂಡಿತು. ಆದರೆ ಈ ಪದ ಕೊಲ್ಲಂನ ತರಿಸಾಪಳ್ಳಿ ಶಾಸನದಲ್ಲಿ 849ರಲ್ಲೇ ಬರುತ್ತೆ, ಮಣಿಗ್ರಾಮಂ ಎಂಬ ಇನ್ನೊಂದು ವರ್ತಕ ಸಂಘದ ಜೊತೆಗೆ. ಅದು ಪರ್ಷಿಯನ್ 'ಅಂಜುಮನ್' ಎಂಬ ಪದದ ದೇಶೀ ರೂಪ, ಸಮುದ್ರ ದಾಟಿ ಬಂದ ವರ್ತಕರ ಕೂಟ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ. ಕನ್ನಡಿಗರಿಗೆ ಈ ಪದ ಹೊಸದಲ್ಲ. ಹೊನ್ನಾವರ, ಭಟ್ಕಳದ ಕಡೆಯ ವಿಜಯನಗರ ಕಾಲದ ಶಾಸನಗಳಲ್ಲಿ 'ಹಂಜಮಾನ' ಅಂತ ಬರುತ್ತಲ್ಲ, ಅದೇ ಇದು; ಅಲ್ಲಿ ಅದು ಮುಸ್ಲಿಂ ವರ್ತಕರ ಕೂಟ. ಕೊಂಕಣದ ಶಿಲಾಹಾರರ ತಾಮ್ರಪಟಗಳಲ್ಲಿ 'ಹಂಯಮನ'. ಹೀಗೆ ಒಂದೇ ಪದ ಕರಾವಳಿಯುದ್ದಕ್ಕೂ ಬೇರೆಬೇರೆ ಧರ್ಮದ ವರ್ತಕರನ್ನು ಹೊತ್ತುಕೊಂಡು ಹೋಗಿದೆ.

ಕೊಲ್ಲಂ ಶಾಸನದ ಕೊನೆಯ ಹಲಗೆಯನ್ನಂತೂ ಎಷ್ಟು ನೋಡಿದರೂ ಸಾಲದು. ಅದು ಕ್ರೈಸ್ತರ ಪಳ್ಳಿಗೆ ಕೊಟ್ಟ ದತ್ತಿ. ಸಾಕ್ಷಿಗಳು ಸಹಿ ಹಾಕಿದ್ದು ಮೂರು ಲಿಪಿಗಳಲ್ಲಿ: ಕೂಫಿ ಶೈಲಿಯ ಅರಬ್ಬಿಯಲ್ಲಿ 11 ಮಂದಿ, ಪಹ್ಲವಿಯಲ್ಲಿ 10 ಮಂದಿ, ಹೀಬ್ರೂ ಲಿಪಿಯ ಪರ್ಷಿಯನ್ನಿನಲ್ಲಿ 4 ಮಂದಿ. ಇಸ್ಸುಪ್ಪು ಇರಪ್ಪಾನನಿಗಿಂತ ನೂರೈವತ್ತು ವರ್ಷ ಮೊದಲೇ ಮಲಬಾರಿನಲ್ಲಿ ಯಹೂದಿ ವರ್ತಕರು ಇದ್ದರು ಎನ್ನಲು ಆ ನಾಲ್ಕು ಸಹಿ ಸಾಕು.

ಇನ್ನೂ ಒಂದು ಮುಖ್ಯ ಸಂಗತಿ. 72 ವಿಡುಪೇಱು ಕೊಲ್ಲಂ ಶಾಸನದಲ್ಲೂ ಬರುತ್ತೆ. ಹಗಲುದೀಪ, ಪಾವಾಡ, ಪಲ್ಲಕ್ಕಿ, ಕೊಡೆ, ವಡುಗ ಪಱೈಗಳ ಪಟ್ಟಿ ಮುಂದೆ ವೀರರಾಘವನ ಶಾಸನದಲ್ಲಿ ಕೊಡುಂಗಲ್ಲೂರಿನ ಇರವಿಕೊರ್ತನ್ ಎಂಬ ಮಣಿಗ್ರಾಮದ ಮುಖ್ಯನಿಗೂ ಸಿಕ್ಕಿದೆ. ಅವನ ತಾಮ್ರಪಟ ಇರೋದು ಸಿರಿಯನ್ ಕ್ರೈಸ್ತರ ಬಳಿ. ಅಂದಮೇಲೆ ಇದು ದೊಡ್ಡ ವರ್ತಕ ಮುಖ್ಯರಿಗೆ ಚೇರ ನಾಡಿನಲ್ಲಿ ಕೊಡುತ್ತಿದ್ದ ಸಿದ್ಧ ಮರ್ಯಾದೆಯ ಪಟ್ಟಿ. ನಮ್ಮ ಸಾಮಂತರ 'ಸಮಧಿಗತ ಪಂಚಮಹಾಶಬ್ದ' ಇದ್ದಂತೆ. ರಾಜ್ಯ ಕೊಟ್ಟದ್ದಲ್ಲ, ಆದರೆ ಸಣ್ಣ ಗೌರವವೂ ಅಲ್ಲ. ಕೊಡೆ, ಪಲ್ಲಕ್ಕಿ ಯಾರಿಗೆ ಸಲ್ಲುತ್ತದೆ ಎಂಬುದೇ ಜಾತಿ, ಸ್ಥಾನಗಳನ್ನು ಗೆರೆ ಹಾಕಿ ಹೇಳುತ್ತಿದ್ದ ನಾಡು ಅದು.

ಕೊಡುಂಗಲ್ಲೂರಿನಲ್ಲಿ ಈಗ ಯಹೂದಿಗಳ ಕುರುಹು ನೆಲದ ಮೇಲೆ ಇಲ್ಲವೆನ್ನಬಹುದು. ಅಲ್ಲಿಂದ ಬಂದದ್ದೆಂದು ಹೇಳುವ ಒಂದು ಗೋರಿಗಲ್ಲು ಹತ್ತಿರದ ಚೇಂದಮಂಗಲಂ ಜೂದಪಳ್ಳಿಯ (ಸಿನಗಾಗನ್ನು ಮಲಯಾಳಿಗಳು ಕರೆಯೋದು ಹೀಗೆ) ಮುಂದೆ ನಿಂತಿದೆ. ಇಸ್ರಾಯೇಲನ ಮಗಳು ಸಾರಾ ಎಂಬವಳದು. ಭಾರತದಲ್ಲಿ ಸಿಕ್ಕ ಹೀಬ್ರೂ ಶಿಲಾಲೇಖಗಳಲ್ಲಿ ಇದೇ ಹಳೆಯದು ಅಂತಾರೆ. ವರ್ಷ 1581. ಇದು ಕ್ರಿಸ್ತಶಕವಲ್ಲ, ಯಹೂದಿಗಳ ಸೃಷ್ಟಿ ಶಕವೂ ಅಲ್ಲ. ಅಲೆಕ್ಸಾಂಡರನ ಸೇನಾಪತಿ ಸೆಲ್ಯೂಕಸ್‌ನ ಹೆಸರಿನ ಶಕ. ಕ್ರಿ.ಪೂ. 312ರಿಂದ ಎಣಿಸುವಂಥದ್ದು. ಹಾಗಾಗಿ ಕ್ರಿ.ಶ. 1269. ಯೆಮನ್, ಬಾಗ್ದಾದ್ ಕಡೆಯ ಯಹೂದಿಗಳು ಕರಾರುಪತ್ರಗಳಿಗೆ ಬಳಸುತ್ತಿದ್ದ ಶಕ ಅದು. ಒಂದು ಮುರುಕು ಗೋರಿಗಲ್ಲಿನ ತೇದಿಯೇ ಆ ಜನ ಯಾವ ಸಮುದ್ರದ ಕಡೆ ಮುಖ ಮಾಡಿ ಬದುಕುತ್ತಿದ್ದರು ಅಂತ ಹೇಳಿಬಿಡುತ್ತೆ.

1341ರ ಪೆರಿಯಾರ್ ಪ್ರವಾಹದಲ್ಲಿ ಕೊಡುಂಗಲ್ಲೂರಿನ ಅಳಿವೆ ಹೂಳಿನಿಂದ ಕಟ್ಟಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂಬುದು ಪ್ರಚಲಿತ ಕಥನ. ಅದಕ್ಕೆ ಹೊಂದುವಂತೆ ಕೊಚ್ಚಂಗಾಡಿಯ ಸಿನಗಾಗಿನ ಕಲ್ಲು ಇದೆ: ಸೃಷ್ಟಿ ಶಕ 5105, ಅಂದರೆ 1344–45. ಆ ಕಟ್ಟಡ ಹೋಯಿತು. ಕಲ್ಲು ಮಾತ್ರ ಮಟ್ಟಾಂಚೇರಿಯ ಪರದೇಶಿ ಸಿನಗಾಗಿನ ಗೋಡೆ ಸೇರಿದೆ. ಕೊಡುಂಗಲ್ಲೂರಿನಲ್ಲಿ ಉಳಿದಿದ್ದವರು 16ನೇ ಶತಮಾನದ ಯುದ್ಧಗಳಲ್ಲಿ, ಪೋರ್ಚುಗೀಸರ ಕಾಟದಲ್ಲಿ ದಕ್ಷಿಣಕ್ಕೆ ಸರಿದರು. ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ಪರದೇಶಿ ಸಿನಗಾಗ್ ಎದ್ದದ್ದು 1568ರಲ್ಲಿ.

ಈ 'ಪರದೇಶಿ' ಎಂಬ ಹೆಸರೇ ಜಗಳದ ಮೂಲ. ಸ್ಪೇನ್, ಪೋರ್ಚುಗಲ್‌ಗಳಿಂದ ಹೊರದಬ್ಬಿಸಿಕೊಂಡವರು, ಅಲೆಪ್ಪೊ, ಬಾಗ್ದಾದ್ ಕಡೆಯಿಂದ ಬಂದವರು ಕೊಚ್ಚಿಯಲ್ಲಿ ನೆಲೆಸಿ ಪರದೇಶಿಗಳೆನಿಸಿದರು. ನೂರಾರು ವರ್ಷದಿಂದ ಅಲ್ಲೇ ಇದ್ದವರು ಮಲಬಾರಿ ಯಹೂದಿಗಳು. ಸಂಖ್ಯೆಯಲ್ಲಿ ಮಲಬಾರಿಗಳು ಬಹಳ ಹೆಚ್ಚು. ಅವರಿಗೆ ಮಟ್ಟಾಂಚೇರಿ, ಎರ್ನಾಕುಳಂ, ಪರವೂರು, ಚೇಂದಮಂಗಲಂ, ಮಾಳ ಎಲ್ಲ ಸೇರಿ ಏಳು ಸಿನಗಾಗ್. ಪರದೇಶಿಗಳಿಗೆ ಒಂದು. ಆದರೆ ಆ ಒಂದರ ಜನ ಉಳಿದವರ ಜೊತೆ ಮದುವೆ ಮಾಡುತ್ತಿರಲಿಲ್ಲ, ಅವರನ್ನು ಗುಲಾಮರ ಸಂತತಿ ಎನ್ನುತ್ತಿದ್ದರು. 16ನೇ ಶತಮಾನದಲ್ಲೇ ಈ ದೂರು ಈಜಿಪ್ಟಿನ ಕೈರೋದಲ್ಲಿದ್ದ ಧರ್ಮಪಂಡಿತ ದಾವಿದ್ ಇಬ್ನ್ ಅಬಿ ಜಿಮ್ರಾ ತನಕ ಹೋಯಿತು. ವಿಧಿವತ್ತಾಗಿ ಸ್ನಾನ ಸಂಸ್ಕಾರ ಆದಮೇಲೆ ಮದುವೆಗೆ ಯಾವ ಅಡ್ಡಿಯೂ ಇಲ್ಲ ಎಂಬುದು ಅವರ ಉತ್ತರದ ತಿರುಳು. ಕೊಚ್ಚಿಯವರು ಅದಕ್ಕೆ ಕಿವಿಗೊಡಲಿಲ್ಲ. 1686ರಲ್ಲಿ ಆಮ್ಸ್ಟರ್‌ಡ್ಯಾಮಿನಿಂದ ಬಂದ ಮೋಸೆಸ್ ಪೆರೇರಾ ದೆ ಪೈವಾ ಬರೆದಿಟ್ಟ ವರದಿಯಲ್ಲಿ ಬಿಳಿಯ, ಕರಿಯ ಎಂಬ ಭೇದ ಗಟ್ಟಿಯಾಗಿ ಬೇರುಬಿಟ್ಟಿದೆ.

ತಾಮ್ರಪಟ ಈ ಜಗಳದೊಳಕ್ಕೆ ಬಂದದ್ದು ಹೀಗೆ. ಅದು ಪರದೇಶಿಗಳ ಸಿನಗಾಗಿನಲ್ಲಿತ್ತು. ರಬ್ಬಾನನ ವಾರಸುದಾರರು ನಾವು, ಅದಕ್ಕೇ ನಮ್ಮ ಬಳಿ ಇದೆ ಎಂಬುದು ಅವರ ವಾದ. ಅದು ನಮ್ಮ ಪೂರ್ವಿಕರದು, ನಮ್ಮಿಂದ ಹೋದದ್ದು ಎಂಬುದು ಮಲಬಾರಿಗಳ ವಾದ. ಕ್ರಿ.ಶ. 1000ರ ಶಾಸನ ಎಂದ ಮೇಲೆ, 15ನೇ ಶತಮಾನದ ಕೊನೆಯಲ್ಲಿ ಸ್ಪೇನ್ ಬಿಟ್ಟು ಬಂದವರ ಹಿರಿಯರಿಗೆ ಅದನ್ನು ಬರೆದುಕೊಟ್ಟಿರಲು ಸಾಧ್ಯವಿಲ್ಲ ಎಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಕಾಲನಿರ್ಣಯ ಆಗದೆ ಇದ್ದಾಗ, ಲಿಪಿ ಓದಲು ಸಮುದಾಯದಲ್ಲಿ ಯಾರಿಗೂ ಬಾರದೆ ಇದ್ದಾಗ, ಪಟ ಯಾರ ಪೆಟ್ಟಿಗೆಯಲ್ಲಿದೆಯೋ ಅವರದ್ದೇ ಚರಿತ್ರೆ. ಕ್ಲಾಡಿಯಸ್ ಬ್ಯೂಕನನ್ ಎಂಬ ಪಾದ್ರಿ 1806ರ ಸುಮಾರಿಗೆ ಕೊಚ್ಚಿಗೆ ಬಂದು ತಾಮ್ರದಲ್ಲೇ ಅದರ ನಕಲು ಕೆತ್ತಿಸಿ ಕೇಂಬ್ರಿಜ್‌ಗೆ ಒಯ್ದ. 1844ರಲ್ಲಿ ಹರ್ಮನ್ ಗುಂಡರ್ಟ್ ಅದನ್ನು ಬಿಡಿಸಿ ಪ್ರಕಟಿಸಿದರು. ಬಾಸೆಲ್ ಮಿಶನ್ನಿನ ಗುಂಡರ್ಟ್. ಕನ್ನಡಕ್ಕೆ ಕಿಟ್ಟೆಲ್ ಹೇಗೋ ಮಲಯಾಳಂಗೆ ಇವರು ಹಾಗೆ. ಹುಲ್ಟ್ಸ್‌ ಅವರ ಪರಿಷ್ಕೃತ ಪಾಠ ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿದೆ.

'ಗುಲಾಮರ ಸಂತತಿ' ಎಂಬ ಮಾತಿಗೆ ನಮ್ಮ ಮಂಗಳೂರು ಒಂದು ಪಕ್ಕಾ ದಾಖಲೆ ಒದಗಿಸಿದೆ. ಕೈರೋದ ಗೆನಿಜಾ ಎಂಬ ಹಳೆಯ ಕಾಗದಗಳ ಕೋಣೆಯಿಂದ ಹೊರಬಂದ ಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳಿವೆ. ಆಳುಪರ ಕಾಲದ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಇದ್ದವನು. ಅಮಿತಾವ್ ಘೋಷ್ ಅವರ ಪುಸ್ತಕ ಓದಿದವರಿಗೆ ಅವನೂ ಅವನ ಆಳು ಬೊಮ್ಮನೂ ಗೊತ್ತು. ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆದ ಪತ್ರದ ತೇದಿ 1132ರ ಅಕ್ಟೋಬರ್ 17, ಸ್ಥಳ ಮಂಗಳೂರು. ಅದರಲ್ಲೂ ಸೆಲ್ಯೂಕಸ್ ಶಕವೇ, 1444. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು. ಅವಳ ಮಕ್ಕಳು ಅವನ ವಾರಸುದಾರರು. ಬೆನ್ ಯಿಜು ಮುಂದೆ ಏಡನ್‌ಗೆ ಮರಳಿ, ಮಗಳನ್ನು ತನ್ನ ಅಣ್ಣತಮ್ಮಂದಿರ ಮಕ್ಕಳಲ್ಲೇ ಒಬ್ಬನಿಗೆ ಕೊಡಲು ಓಡಾಡಿ ಕೊಟ್ಟ. ಬಿಡುಗಡೆಯ ಪತ್ರ ಬರೆದಾಯಿತೆಂದರೆ ತಾಯಿ ದಾಸಿಯಾಗಿದ್ದಳು ಎಂಬುದು ಆ ಕಾಲದ ಧರ್ಮದಲ್ಲಿ ಮದುವೆಗೆ ಕಳಂಕವಾಗಿರಲಿಲ್ಲ. ಕೊಚ್ಚಿಯಲ್ಲಿ 'ಮೆಶುಹ್ರಾರಿಂ', ಬಿಡುಗಡೆಯಾದವರು, ಎಂಬ ಪದ ತಲೆಮಾರುಗಳ ಕಾಲ ಅಂಟಿಕೊಂಡ ಮುದ್ರೆ ಆದದ್ದು ಧರ್ಮಶಾಸ್ತ್ರದಿಂದಲ್ಲ. ಸುತ್ತಲಿನ ಜಾತಿ ವ್ಯವಸ್ಥೆ ಅಲ್ಲಿ ಕೆಲಸ ಮಾಡಿದೆ. ಯಾರು ಬೆಂಚಿನ ಮೇಲೆ, ಯಾರು ನೆಲದ ಮೇಲೆ ಎಂಬುದು ನಮಗೆ ವಿವರಿಸಿ ಹೇಳಬೇಕಾದ ವಿಷಯವೇನಲ್ಲ.

ಪರದೇಶಿ ಸಿನಗಾಗಿನಲ್ಲಿ ಈ ಮೆಶುಹ್ರಾರಿಂ ಮನೆತನದವರು ಹೊರಗಿನ ಕೋಣೆಯಲ್ಲೋ ನೆಲದ ಮೇಲೋ ಕೂರಬೇಕಿತ್ತು. ಅವರಲ್ಲೇ ಹುಟ್ಟಿದ ವಕೀಲ ಅಬ್ರಹಾಂ ಬರಾಕ್ ಸಲೇಂ (1882–1967) ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಿದರು. ಕೊಚ್ಚಿ ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದವರು. ಜನ ಅವರನ್ನು 'ಯಹೂದಿ ಗಾಂಧಿ' ಎಂದರು. ಒಂದೊಂದೇ ಅಡ್ಡಿ ಸಡಿಲವಾಯಿತು. ಅಷ್ಟು ಹೊತ್ತಿಗೆ ಇಸ್ರೇಲ್ ಹುಟ್ಟಿತ್ತು. 1950ರ ದಶಕದಲ್ಲಿ ಮಲಬಾರಿಗಳು ಊರಿಗೆ ಊರೇ ಹೊರಟರು; ನೆವಾತಿಂ, ಮೆಸಿಲಾತ್ ಸಿಯೋನ್ ಮುಂತಾದ ಹಳ್ಳಿಗಳಲ್ಲಿ ನೆಲೆ ನಿಂತರು. ಹೆಂಗಸರು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದ ಮಲಯಾಳಂ ಹಾಡುಗಳೂ ಅವರ ಜೊತೆ ಹೋದವು. ಪರದೇಶಿಗಳು ನಿಧಾನವಾಗಿ ಹಿಂಬಾಲಿಸಿದರು. 1968ರಲ್ಲಿ ಸಿನಗಾಗಿನ 400ನೇ ವರ್ಷಕ್ಕೆ ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿಯೂ ಬಂತು. ಇಂದು ಪ್ರವಾಸಿಗರ ಸಾಲು ಇದೆ, ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಊರಿನಲ್ಲಿಲ್ಲ.

ಅದೇ ಬೀದಿಯ ಇನ್ನೊಂದು ತುದಿಯಲ್ಲಿದ್ದ ಮಲಬಾರಿಗಳ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸವನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಒಯ್ದು ಜೋಡಿಸಿದ್ದಾರೆ. ಹೊರಗಿನ ಕಟ್ಟಡ ಗೋದಾಮಾಗಿ, ಪಾಳುಬಿದ್ದು, 2019ರ ಮಳೆಯಲ್ಲಿ ಕುಸಿಯಿತು.

ಕೊಚ್ಚಿಗೆ ಹೋಗುವವರಿಗೆ ಒಂದು ಸಲಹೆ. ಮಟ್ಟಾಂಚೇರಿಯ ಗಡಿಯಾರದ ಗೋಪುರ ಎಲ್ಲರೂ ನೋಡ್ತಾರೆ. ಅದರ ಮುಖಗಳ ಮೇಲೆ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳಿವೆ, ಖಂಡಿತ ನೋಡಿ. ಕೊಚ್ಚಂಗಾಡಿಯ ಕಲ್ಲು ಅಲ್ಲೇ ಅಂಗಳದ ಗೋಡೆಯಲ್ಲಿದೆ, ಯಾರೂ ತೋರಿಸೋದಿಲ್ಲ, ನೀವೇ ಹುಡುಕಬೇಕು. ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಚೇಂದಮಂಗಲಂಗೆ ಹೋಗಿ. ವಟ್ಟೆೞುತ್ತು ಕಲಿಯುತ್ತಿರುವ ಗೆಳೆಯರು ಹೊರಡುವ ಮೊದಲು ಎಪಿಗ್ರಾಫಿಯಾ ಇಂಡಿಕಾದ ಪಾಠವನ್ನು ಮುಂದಿಟ್ಟುಕೊಂಡು ಪಗಲ್‌ವಿಳಕ್ಕು, ಪಾವಾಡ, ಕುಡೈ ಇವಷ್ಟನ್ನಾದರೂ ಅಕ್ಷರ ಕೂಡಿಸಿ ಓದಿ ನೋಡಿ. ಎರಡು ಸಂಜೆಯ ಕೆಲಸ.